ಮನೆದೇವರ ಹೆಸರಿನ ಬೀಗ

ನಮ್ಮ ಮನೆಗೆ ಬರುವ ಕಾಗದಗಳನ್ನು ಮೊದಲು ಒಡೆಯುತ್ತಿದ್ದವರು ಅಪ್ಪ. ಪೋಸ್ಟ್‌ಮ್ಯಾನ್ ಮನೆಯವರೆಗೆ ಬರುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಕೊಟ್ಟೂರಿನ ಬಜಾರಿನಲ್ಲಿದ್ದ ನಮ್ಮ ಬಟ್ಟೆ ಅಂಗಡಿಯಲ್ಲೇ ಎಲ್ಲವನ್ನೂ ಕೊಟ್ಟು ಹೋಗುತ್ತಿದ್ದ. ಅಪ್ಪ ಗಲ್ಲಾದ ಮುಂದೆ ಕೂತು ಓದುತ್ತಿದ್ದರು, ಸ್ವಾರಸ್ಯವಿದ್ದರೆ ಗಟ್ಟಿಯಾಗಿ ಓದುತ್ತಿದ್ದರು. ಸೀರೆ ನೋಡಲು ಬಂದ ಗಿರಾಕಿಗಳಿಗೂ ನನ್ನ ಗೆಳತಿಯರ ಕ್ಷೇಮಸಮಾಚಾರ ತಿಳಿದುಬಿಡುತ್ತಿತ್ತು. ಇದರಲ್ಲಿ ಅಪ್ಪನಿಗೆ ತಪ್ಪೇನೂ ಕಂಡಿರಲಿಲ್ಲ, ನಿಜ ಹೇಳಬೇಕೆಂದರೆ ಊರಿನಲ್ಲಿ ಯಾರಿಗೂ ಕಂಡಿರಲಿಲ್ಲ. ಮುಚ್ಚಿಡುವಂಥದ್ದು ಹೆಣ್ಣುಮಕ್ಕಳಿಗೆ ಏನಿರುತ್ತದೆ ಎಂದು ಕೇಳುವ ಕಾಲ ಅದು.

ಮುಚ್ಚಿಡುವಂಥದ್ದು ಇತ್ತು. ನನ್ನದಲ್ಲ, ನನ್ನ ಗೆಳತಿಯದು.

ಹರಪನಹಳ್ಳಿಯ ಕಾಲೇಜಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಅವಳ ಊರು ಹಡಗಲಿ ತಾಲ್ಲೂಕಿನ ಮಾಗಳ, ಹೊಳೆದಂಡೆ. ಮನೆಯಲ್ಲಿ ಕುರಿ, ಹೊಲ, ಅಣ್ಣನ ಯಜಮಾನಿಕೆ. ಓದು ಮುಗಿಸಿ ಮನೆಗೆ ಹೋದ ಕೂಡಲೇ ಸೋದರಮಾವನಿಗೆ ಅವಳನ್ನು ಕೊಡುವುದೆಂದು ಅಣ್ಣ ತೀರ್ಮಾನ ಮಾಡಿಬಿಟ್ಟಿದ್ದ. ಅವಳು ಬೇಡವೆಂದಳು, ಅದು ಯಾರ ಕಿವಿಗೂ ಬೀಳಲಿಲ್ಲ. ಆಗ ಅವಳು ಬಾಯಿ ಮುಚ್ಚಿಕೊಂಡು, ಹಡಗಲಿಗೆ ಹೊಲಿಗೆ ಕಲಿಯಲು ಹೋಗುತ್ತೇನೆಂದು ಹೇಳಿ, ದೂರದ ಊರಿನ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದಳು. ಸಂದರ್ಶನದ ದಿನದವರೆಗೆ ಮನೆಯಲ್ಲಿ ಗೊತ್ತಾಗಬಾರದು. ಗೊತ್ತಾದರೆ ಅದೇ ವಾರ ಅಕ್ಷತೆ ಬೀಳುವುದು ಖಂಡಿತ. ಆಮೇಲೆ ಅವಳು ನರ್ಸೂ ಅಲ್ಲ, ಏನೂ ಅಲ್ಲ.

ಇಷ್ಟನ್ನು ಅವಳು ನನಗೆ ಕಾಗದದಲ್ಲಿ ಬರೆಯುವಂತಿರಲಿಲ್ಲ. ಬರೆದರೆ ಅಪ್ಪನ ಗಲ್ಲಾದ ಮುಂದೆ ವಾಚನವಾಗುತ್ತಿತ್ತು. ಹಾಗಾಗಿ, ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಮ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಮಹಡಿಯಲ್ಲಿ ಇಂಟರ್ನೆಟ್ ಸೆಂಟರ್ ತೆರೆದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಡಗಲಿಯಲ್ಲೂ ಅಂಥದೇ ಒಂದು ಇತ್ತು. ಪೋಸ್ಟ್‌ಮ್ಯಾನ್ ಇಲ್ಲ, ಅಪ್ಪ ಇಲ್ಲ, ಅಣ್ಣ ಇಲ್ಲ. ಜಗತ್ತಿನಲ್ಲಿ ನಮ್ಮ ಮಾತಿಗೆ ಬೀಗ ಹಾಕಿಡಬಹುದಾದ ಜಾಗ ಇದೊಂದೇ ಎಂದುಕೊಂಡೆವು.

ಸೆಂಟರಿನಲ್ಲಿ ಚಪ್ಪಲಿ ಹೊರಗೆ ಬಿಡಬೇಕಿತ್ತು. ಕಂಪ್ಯೂಟರುಗಳಿಗೆ ವಿಭೂತಿ, ಕುಂಕುಮ, ಮೇಲೊಂದು ಹೂವು. ಮಾಲೀಕರು ಮೊದಲು ಟೈಪಿಂಗ್ ಕಲಿಸುತ್ತಿದ್ದವರು, ಕೀಲಿಗಳನ್ನು ಈಗಲೂ ಗುದ್ದಿ ಗುದ್ದಿ ಒತ್ತುತ್ತಿದ್ದರು. ನನಗೆ ಮೇಲ್ ಮಾಡಿಕೊಡುವಾಗ ಪಾಸ್‌ವರ್ಡ್ ಹಾಕಲು ಹೇಳಿ, ಮರ್ಯಾದೆಯಿಂದ ಮುಖ ಆ ಕಡೆ ತಿರುಗಿಸಿದರು. ಯಾರಿಗೂ ಹೇಳಬಾರದು, ನಿಮಗೆ ಮಾತ್ರ ಮರೆಯಬಾರದು, ಅಂಥದ್ದು ಇಡಿ ಎಂದರು.

ಸಾಯುವವರೆಗೂ ಮರೆಯದಂಥದ್ದು ನನಗೆ ಒಂದೇ ಇತ್ತು. ನಮ್ಮ ಕಡೆ ಹೊಸದು ಏನೇ ಶುರುವಾಗಲಿ, ಮೊದಲು ಮನೆದೇವರ ಹೆಸರು. ಅಂಗಡಿಗೆ ಹೊಸ ಮಾಲು ಬಂದರೆ ಮೊದಲ ಬಟ್ಟೆ ಥಾನಿನ ಚೀಟಿಯ ಮೇಲೆ ಅದು. ಪರೀಕ್ಷೆಯ ಉತ್ತರಪತ್ರಿಕೆಯ ಮೂಲೆಯಲ್ಲಿ ಅದು. ಹೊಸ ಪೆನ್ನು ಬರೆಯುತ್ತದೋ ಇಲ್ಲವೋ ಎಂದು ಗೀಚಿ ನೋಡುವಾಗಲೂ ಕೈ ತಾನಾಗಿ ಬರೆಯುವುದು ಅದನ್ನೇ. ಆ ಖಾಲಿ ಜಾಗದಲ್ಲಿ ಗೆರೆ ಮಿನುಗುತ್ತಿದ್ದಾಗ ನನ್ನ ಬೆರಳುಗಳು ನನ್ನನ್ನು ಕೇಳಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಮನೆದೇವರ ಹೆಸರು ಹೊಡೆದೆ. ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿತ್ತು. ಸ್ವಾಮಿ ಕಾಯುತ್ತಾನೆ ಎಂದು ನೆಮ್ಮದಿಯೂ ಆಯಿತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅಷ್ಟು ಬುದ್ಧಿ ಈಗ ಬಂದಿದೆ.

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದೆವು. ಅವಳು ಅಣ್ಣನನ್ನು ಬೈಯುತ್ತಿದ್ದಳು, ನಾನು ಅವಳ ಸೋದರಮಾವನ ಮೀಸೆಯನ್ನು ಹಾಸ್ಯ ಮಾಡುತ್ತಿದ್ದೆ. ಹಾಸ್ಟೆಲಿನ ಹಳೆಯ ಕತೆಗಳನ್ನೆಲ್ಲ ಕೆದಕಿ ಕೆದಕಿ ನಗುತ್ತಿದ್ದೆವು. ನಮ್ಮಿಬ್ಬರಿಗೇ ಗೊತ್ತಿದ್ದುದೆಲ್ಲ ಒಂದೊಂದಾಗಿ ಆ ಪೆಟ್ಟಿಗೆಗೆ ಬಿತ್ತು.

ಮೊದಲ ಭಯ ತೀರ ಸಣ್ಣದು. ಓದದ ಮೇಲ್ ದಪ್ಪ ಅಕ್ಷರದಲ್ಲಿರುತ್ತದೆ, ಓದಿದ ಮೇಲೆ ತೆಳುವಾಗುತ್ತದೆ ಎಂದು ಮಾಲೀಕರು ಹೇಳಿಕೊಟ್ಟಿದ್ದರು. ಒಂದು ಮಧ್ಯಾಹ್ನ ಹೋಗಿ ತೆಗೆದರೆ ಅವಳ ಹೊಸ ಮೇಲ್ ತೆಳುವಾಗಿ ಕೂತಿತ್ತು. ನಾನು ಅದನ್ನು ಓದಿರಲಿಲ್ಲ. ಕರೆಂಟು ಹೋಗಿ ಬಂದು ಮಾಡಿದ್ದರಿಂದ ಯಂತ್ರಕ್ಕೆ ತಲೆ ಕೆಟ್ಟಿರಬೇಕು ಎಂದು ಮಾಲೀಕರು ಸಮಾಧಾನ ಹೇಳಿದರು. ನಾನೂ ಹಾಗೇ ಅಂದುಕೊಂಡೆ. ಆದರೆ ಮೆಟ್ಟಿಲು ಇಳಿಯುವಾಗ ಯಾರೋ ಹಿಂದೆ ಬರುತ್ತಿರುವಂತೆ ಅನ್ನಿಸಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಮುಂದಿನ ಸಲ ಹೋದಾಗ ಅವಳ ಇನ್ನೊಂದು ಮೇಲ್. ಅದೂ ತೆಳು. ತೆಗೆದೆ. ನೀನು ಕೇಳಿದ್ದಕ್ಕೆ ಹೇಳುತ್ತಿದ್ದೇನೆ ಎಂದು ಶುರುವಾಗಿತ್ತು. ಸಂದರ್ಶನ ಯಾವ ದಿನ, ಹಿಂದಿನ ದಿನ ಹಡಗಲಿಯಿಂದ ಯಾವ ಬಸ್ಸಿಗೆ ಹೋಗುತ್ತಾಳೆ, ಎಲ್ಲಿ ಇಳಿಯುತ್ತಾಳೆ, ಆ ಊರಿನಲ್ಲಿ ನಮ್ಮ ಹಳೆಯ ಮೇಡಂ ಒಬ್ಬರ ಮನೆಯಲ್ಲಿ ಉಳಿಯುತ್ತಾಳೆ, ಎಲ್ಲವನ್ನೂ ವಿವರವಾಗಿ ಬರೆದಿದ್ದಳು. ನಿನಗಲ್ಲದೆ ಇನ್ಯಾರಿಗೂ ಗೊತ್ತಿಲ್ಲ ಎಂದು ಕೊನೆಗೆ ಇತ್ತು.

ನಾನು ಅವಳನ್ನು ಏನೂ ಕೇಳಿರಲಿಲ್ಲ.

ನಾನು ಕಳಿಸಿದ ಮೇಲ್‌ಗಳು ಇರುವ ಜಾಗಕ್ಕೆ ಹೋಗಿ ನೋಡಿದೆ. ನಾನು ಬರೆಯದ ಒಂದು ಮೇಲ್ ಮೇಲುಗಡೆಯೇ ಇತ್ತು. ನನ್ನ ಹೆಸರು, ನನ್ನ ವಿಳಾಸ, ಅವಳನ್ನು ನಾನು ಕರೆಯುವ ಅಡ್ಡಹೆಸರು, ನಾನು ಬರೆಯುವಂಥದೇ ಒರಟು ಸಲಿಗೆ. ಯಾವಾಗ ಹೋಗುತ್ತೀ, ಯಾವ ಬಸ್ಸು, ಯಾರ ಮನೆ, ಹೇಳದಿದ್ದರೆ ನನಗೆ ಚಿಂತೆಯಾಗುತ್ತದೆ ಎಂದು ಬರೆದಿತ್ತು. ಓದುತ್ತಾ ಹೋದಂತೆ ಒಂದು ಕ್ಷಣ ನಾನೇ ಬರೆದು ಮರೆತೆನೇನೋ ಎಂಬ ಅನುಮಾನ ಬಂತು. ಅದಕ್ಕಿಂತ ದೊಡ್ಡ ಹೆದರಿಕೆ ನನಗೆ ಜೀವನದಲ್ಲಿ ಆಗಿಲ್ಲ. ಕಾಗದವಾಗಿದ್ದರೆ ಅಕ್ಷರ ನೋಡಿಯೇ ಅವಳು ಹಿಡಿಯುತ್ತಿದ್ದಳು, ನನ್ನ ಕಾಗೆ ಕಾಲಿನ ಬರಹ ಅವಳಿಗೆ ಚೆನ್ನಾಗಿ ಗೊತ್ತು. ಇಲ್ಲಿ ಎಲ್ಲರ ಅಕ್ಷರವೂ ಒಂದೇ.

ಅವಳಿಗೆ ತಿಳಿಸಬೇಕು. ಹೇಗೆ? ಮೇಲ್ ಬರೆದರೆ ಅವನೂ ಓದುತ್ತಾನೆ. ಅವನು ಎಂದೆ, ಅವನೋ ಅವಳೋ ನನಗೇನು ಗೊತ್ತು. ಅವಳ ಮನೆಯಲ್ಲಿ ಫೋನ್ ಇಲ್ಲ. ಪಕ್ಕದ ಮನೆಗೆ ಮಾಡಿದರೆ ಅಣ್ಣ ಬಂದು ಎತ್ತುತ್ತಾನೆ. ಕಾಗದ ಬರೆದರೆ ಅದೂ ಅಣ್ಣನ ಕೈಗೇ. ಅಪ್ಪನಿಗೆ ಹೇಳಿದರೆ ಮೊದಲು ನನ್ನನ್ನು ಸೆಂಟರಿನಿಂದ ಬಿಡಿಸಿ, ಆಮೇಲೆ ಅವಳ ಅಣ್ಣನಿಗೆ ಒಳ್ಳೆಯ ಮನಸ್ಸಿನಿಂದಲೇ ಸುದ್ದಿ ಮುಟ್ಟಿಸುತ್ತಿದ್ದರು. ಹೆಣ್ಣುಮಗಳು ಹೀಗೆ ಒಬ್ಬಳೇ ಹೋಗುವುದು ಅವರಿಗೂ ಸರಿಕಾಣುತ್ತಿರಲಿಲ್ಲ. ಉಳಿದದ್ದು ನಾನೇ ಹೋಗುವುದು.

ಅಕ್ಕನನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟಿತ್ತು. ಅವಳ ಕೂಸನ್ನು ನೋಡಿ ಬರುತ್ತೇನೆಂದು ಅವ್ವನಿಗೆ ಹೇಳಿ ಮರುದಿನ ಬೆಳಿಗ್ಗೆ ಹೊರಟೆ. ಬಸ್ಸಿನಲ್ಲಿ ಕೂತ ಪ್ರತಿಯೊಬ್ಬ ಗಂಡಸಿನ ಮುಖವನ್ನೂ ನೋಡಿದೆ. ಪೇಪರು ಓದುತ್ತಿದ್ದವನು, ಬೀಡಿ ಕಟ್ಟು ಕಿಸೆಗಿಟ್ಟವನು, ನಿದ್ದೆಗೆ ತೂಗುತ್ತಿದ್ದವನು. ಇವರಲ್ಲಿ ಯಾರು ನನ್ನ ಮಾತುಗಳನ್ನು ಓದಿದ್ದಾರೆ? ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೂ ಅನುಮಾನವಾಯಿತು. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಅಕ್ಕನ ಮನೆಯ ಕಡೆ ತಿರುಗಿಯೂ ನೋಡದೆ ಹಡಗಲಿ ಬಸ್ಸು ಹತ್ತಿದೆ.

ಹೊಲಿಗೆ ಕ್ಲಾಸು ಮುಗಿದ ಮೇಲೆ ಅವಳು ಹಡಗಲಿಯ ಸೆಂಟರಿಗೆ ಬರುವುದು ನನಗೆ ಗೊತ್ತಿತ್ತು. ಅದರ ಬಾಗಿಲಲ್ಲೇ ಕಾದೆ. ಹೊಲಿಗೆ ಚೀಲ ಹೆಗಲಿಗೆ ಹಾಕಿಕೊಂಡು ಬಂದವಳು ನನ್ನನ್ನು ಕಂಡು ನಕ್ಕಳು, ನನ್ನ ಮುಖ ನೋಡಿ ನಗು ನಿಂತಿತು. ಒಳಗೆ ಪರದೆ ಎಳೆದ ಗೂಡಿನಲ್ಲಿ ಒಂದೇ ಕುರ್ಚಿಯಲ್ಲಿ ಇಬ್ಬರೂ ಕೂತೆವು. ಆ ಪ್ರಶ್ನೆ ಕೇಳಿದವಳು ನಾನಲ್ಲ ಎಂದೆ. ಅವಳು ನನ್ನ ಪಾಸ್‌ವರ್ಡ್ ಏನು ಎಂದು ಕೇಳಿದಳು. ಹೇಳಿದೆ.

ಅವಳು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

"ಲೇ, ನಿಮ್ಮಕ್ಕನ ಲಗ್ನಪತ್ರಿಕಿ ಮ್ಯಾಲೆ ಮೊದಲನೇ ಸಾಲಿಗೆ ಅದಾ ಐತಲ್ಲ. ನಮ್ಮ ಮನಿ ತಂತಿಗೆ ಇನ್ನಾ ಹಂಗಾ ಪೋಣಿಸೈತಿ."

ಅಕ್ಕನ ಮದುವೆಯ ಪತ್ರಿಕೆಗಳ ಮೇಲೆ ವಿಳಾಸ ಬರೆದವಳು ನಾನೇ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಸುತ್ತಿನ ಎಷ್ಟು ಹಳ್ಳಿಗಳೋ. ಎಲ್ಲದರ ನೆತ್ತಿಯ ಮೇಲೂ ನಮ್ಮ ಮನೆದೇವರು ಪ್ರಸನ್ನ. ನನ್ನ ಬೀಗದ ಕೈಯನ್ನು ಅರಿಶಿನ ಹಚ್ಚಿ ನಾಲ್ಕು ತಾಲ್ಲೂಕಿಗೆ ಹಂಚಿದ್ದೆವು. ಅವಳದೇನು ಎಂದು ಕೇಳಿದೆ. ಅವಳು ಕೊರಳಿನ ತಾಯಿತ ಮುಟ್ಟಿಕೊಂಡಳು. ಅದರಲ್ಲಿದ್ದುದು ಅವರ ಮನೆದೇವರ ಭಂಡಾರದ ಅರಿಶಿನ. ಅಳುವುದೋ ನಗುವುದೋ ತಿಳಿಯಲಿಲ್ಲ. ಆ ಹೊತ್ತಿನಲ್ಲಿ ಆ ಸೆಂಟರಿನ ಎಲ್ಲ ಗೂಡುಗಳಲ್ಲೂ ಒಬ್ಬೊಬ್ಬ ದೇವರು ಕಾವಲು ಕೂತಿದ್ದ ಎಂದೇ ನನ್ನ ನಂಬಿಕೆ.

ಯಾರಿರಬಹುದೆಂದು ಅವಳಿಗೆ ಹೊಳೆಯಿತು, ನನಗೂ ಹೊಳೆಯಿತು, ಮೊದಲು ಬಾಯಿ ಬಿಡಲು ಇಬ್ಬರಿಗೂ ಭಯ. ಕೊನೆಗೆ ಅವಳೇ ಹೇಳಿದಳು. ಅವಳನ್ನು ಮದುವೆಯಾಗಬೇಕಿದ್ದ ಸೋದರಮಾವ ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ. ಒಂದು ಕಂಪ್ಯೂಟರೂ ಇತ್ತು. ಒಮ್ಮೆ ಅವ್ವನ ಜೊತೆ ಅಲ್ಲಿಗೆ ಹೋದಾಗ ಅವನು ಬಲು ಪ್ರೀತಿಯಿಂದ, ನಿನ್ನ ಮೇಲ್ ಇದ್ದರೆ ನೋಡಿಕೋ ಎಂದು ಕುರ್ಚಿ ಬಿಟ್ಟುಕೊಟ್ಟಿದ್ದನಂತೆ. ಅವಳು ನೋಡಿಕೊಂಡು, ಎಲ್ಲ ಮುಗಿಯಿತೆಂದು ಪರದೆಯ ಗುಂಡಿ ಒತ್ತಿ ಎದ್ದಿದ್ದಳು. ಪರದೆ ಕಪ್ಪಾಯಿತು. ಪರದೆ ಆರಿದರೆ ಮೇಲ್ ಮುಚ್ಚಿತು ಎಂದು ನಾವೆಲ್ಲ ನಂಬಿದ್ದ ಕಾಲ. ಅದರ ಹಿಂದೆ ಅವಳ ಪೆಟ್ಟಿಗೆ ಬಾಯಿ ತೆರೆದುಕೊಂಡೇ ಇತ್ತು. ನನ್ನ ವಿಳಾಸ, ನಮ್ಮ ಧಾಟಿ, ಅವನ ಮೀಸೆಯ ಮೇಲಿನ ನನ್ನ ಹಾಸ್ಯ, ಎಲ್ಲವೂ ಅಲ್ಲಿಯೇ ಅವನ ಕೈಗೆ ಸಿಕ್ಕಿರಬೇಕು, ನನ್ನ ಬೀಗದ ಕೈ ಅವಳ ಮನೆಯ ತಂತಿಯ ಮೇಲಿನ ಪತ್ರಿಕೆಯಲ್ಲಿ.

ಸಂದರ್ಶನಕ್ಕೆ ಇನ್ನೂ ದಿನಗಳಿದ್ದವು. ಹಿಂದಿನ ದಿನ ಆ ಬಸ್ಸಿನ ಬಾಗಿಲಲ್ಲಿ ಯಾರು ನಿಂತಿರುತ್ತಾರೆಂದು ಅವಳು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟರವರೆಗೂ ಕಾಯುತ್ತಾರೋ, ಇವತ್ತು ಸಂಜೆಯೇ ಮನೆಯಲ್ಲಿ ಕಾದು ಕೂತಿದ್ದಾರೋ, ಅದೂ ಗೊತ್ತಿರಲಿಲ್ಲ. ಅವಳು ಹೊಲಿಗೆ ಚೀಲ ಬಿಚ್ಚಿ ಅರ್ಧ ಹೊಲಿದ ರವಿಕೆಯ ಬಟ್ಟೆ ಸರಿಸಿ ತೋರಿಸಿದಳು. ಅಡಿಯಲ್ಲಿ ಅವಳ ಮಾರ್ಕ್ಸ್ ಕಾರ್ಡುಗಳು, ಸಂದರ್ಶನದ ಕರೆ. ಮನೆಯಲ್ಲಿಡಲು ಹೆದರಿ ದಿನಾ ಹೊತ್ತು ತಿರುಗುತ್ತಿದ್ದಳು.

"ನಾ ಇನ್ನ ಊರಿಗೆ ಹೋಗಂಗಿಲ್ಲ" ಎಂದಳು.

ಹೊರಡುವ ಮುನ್ನ ನನ್ನ ಪಾಸ್‌ವರ್ಡನ್ನು ಅಲ್ಲೇ ಬದಲಿಸಲು ಹೇಳಿದಳು. ಭಕ್ತಿ ಇಲ್ಲದ್ದು, ಪ್ರೀತಿ ಇಲ್ಲದ್ದು, ಯಾವ ಪತ್ರಿಕೆಯಲ್ಲೂ ಅಚ್ಚಾಗದ್ದು ಇಡು ಎಂದು ತಾಕೀತು ಮಾಡಿ, ಅಂಥ ಹೊತ್ತಿನಲ್ಲೂ ಮುಖ ಆ ಕಡೆ ತಿರುಗಿಸಿ ಕೂತಳು. ಎರಡು ಸಲ ತಪ್ಪಾಗಿ ಒತ್ತಿದೆ. ಅವಳು ತನ್ನದನ್ನೂ ಬದಲಿಸಿದಳು. ಆದರೆ ಅವನ ಅಂಗಡಿಯಲ್ಲಿ ತೆರೆದು ಬಿಟ್ಟಿದ್ದ ಪೆಟ್ಟಿಗೆ ಅಲ್ಲಿಂದ ಮುಚ್ಚಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಕೇಳಲು ಯಾರೂ ಇರಲಿಲ್ಲ, ಇದ್ದರೂ ಕೇಳುವ ಧೈರ್ಯ ಇರಲಿಲ್ಲ.

ಹಗರಿಬೊಮ್ಮನಹಳ್ಳಿಯ ದಾರಿ ಬೇಡವೆಂದು ಹರಪನಹಳ್ಳಿ ಬಸ್ಸು ಹಿಡಿದೆವು. ಅಲ್ಲಿಂದ ಅವಳಿಗೆ ದಾವಣಗೆರೆ, ನನಗೆ ಕೊಟ್ಟೂರು. ದಾರಿಯುದ್ದಕ್ಕೂ ತಲೆಯ ಮೇಲೆ ಸೆರಗು ಎಳೆದುಕೊಂಡು ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು. ಹಿಂದಿನಿಂದ ಮೋಟಾರ್ ಸೈಕಲ್ ಸದ್ದು ಕೇಳಿದಾಗಲೆಲ್ಲ ನನ್ನ ಮೊಣಕೈ ಹಿಡಿಯುತ್ತಿದ್ದಳು. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಾನು ಮಂಡಕ್ಕಿ, ಮಿರ್ಚಿ ತಂದೆ. ಓದುವಾಗ ಅದಕ್ಕಾಗಿ ಜಗಳವಾಡುತ್ತಿದ್ದವರು ನಾವು. ಪೊಟ್ಟಣ ಮಡಿಲಲ್ಲಿ ಹಾಗೇ ಇತ್ತು, ಇಬ್ಬರಿಗೂ ಒಂದು ಕಾಳು ಗಂಟಲಲ್ಲಿ ಇಳಿಯಲಿಲ್ಲ. ಕೊನೆಗೆ ಅಲ್ಲೇ ಮಲಗಿದ್ದ ಒಂದು ದನಕ್ಕೆ ಸುರಿದೆವು.

ಮೇಡಂ ಮನೆಗೆ ಹೋಗುವಂತಿರಲಿಲ್ಲ, ಅದನ್ನೂ ಅವಳು ಬರೆದುಬಿಟ್ಟಿದ್ದಳಲ್ಲ. ಹಾಗಾದರೆ ಎಲ್ಲಿಗೆ ಎಂದು ಕೇಳಿದೆ.

"ನಿನಗೂ ಹೇಳಂಗಿಲ್ಲ. ನಿನಗ ಗೊತ್ತಿಲ್ಲ ಅಂದ್ರ ಯಾರು ಕೇಳಿದ್ರೂ ನೀ ಹೆದರಬೇಕಾಗಿಲ್ಲ" ಎಂದಳು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಬಗ್ಗಿ, "ನನ್ನ ಹೆಸರಿಲೆ ಏನರ ಬಂದ್ರ, ಒಮ್ಮಿಗೇ ನಂಬಬ್ಯಾಡ" ಎಂದಳು.

ಎರಡು ದಿನ ಬಿಟ್ಟು ಅವರು ನಮ್ಮ ಅಂಗಡಿಗೆ ಬಂದರು, ಅವಳ ಅಣ್ಣ ಮತ್ತು ಆ ಸೋದರಮಾವ. ಅಪ್ಪ ನನ್ನನ್ನು ಮನೆಯಿಂದ ಕರೆಸಿದರು. ಅಣ್ಣನ ಕಣ್ಣು ಕೆಂಪಾಗಿದ್ದವು, ನಿದ್ದೆ ಮಾಡಿರಲಿಲ್ಲ. ತಂಗಿ ಎಲ್ಲಿ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅದು ಸತ್ಯವಾಗಿತ್ತು, ಅದಕ್ಕೇ ನಾಲಿಗೆ ತೊದಲಲಿಲ್ಲ. ಅಪ್ಪ ನನ್ನ ಮಗಳು ಸುಳ್ಳು ಹೇಳುವವಳಲ್ಲ ಎಂದು ಇಬ್ಬರಿಗೂ ಚಹಾ ತರಿಸಿದರು. ಸೋದರಮಾವ ಬಹಳ ನಯದವನು, ಇಸ್ತ್ರಿ ಮಾಡಿದ ಅಂಗಿ. ಚಹಾ ಕುಡಿದು ಲೋಟ ಕೆಳಗಿಟ್ಟು, ಗಲ್ಲಾದ ಮೇಲಿದ್ದ ನಮ್ಮ ಮನೆದೇವರ ಪಟವನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಭಾಳ ಸತ್ಯುಳ್ಳ ದ್ಯಾವ್ರು ನಿಮ್ದು. ಕೇಳಿದ್ದು ಕೊಡತೈತಿ" ಎಂದ.

ಅಪ್ಪನಿಗೆ ಸಂತೋಷವಾಯಿತು. ದೇವರ ಮಹಿಮೆಯ ಒಂದೆರಡು ಕತೆ ಹೇಳಿದರು. ನಾನು ಥಾನುಗಳ ಗೂಡಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅವನೇ ಎಂದು ಗೊತ್ತಾಯಿತು, ನನಗೆ ಗೊತ್ತಾಗಲಿ ಎಂದೇ ಅವನು ಹೇಳಿದ್ದ. ಯಾರ ಮುಂದೆ ಏನೆಂದು ದೂರಲಿ? ದೇವರನ್ನು ಹೊಗಳಿದ ಎಂದೇ? ಎಷ್ಟೋ ದಿನ ದೇವರ ಮನೆಯಲ್ಲಿ ದೀಪ ಹಚ್ಚುವಾಗಲೂ ಅವನ ದನಿಯೇ ಕೇಳುತ್ತಿತ್ತು. ಅವನ ಮೇಲಿನ ಕೋಪ ನನಗೆ ಈಗಲೂ ಇಳಿದಿಲ್ಲ.

ಅವಳಿಂದ ಸುದ್ದಿ ಬರಲಿಲ್ಲ. ಸಂದರ್ಶನಕ್ಕೆ ಹೋದಳೋ, ಸೀಟು ಸಿಕ್ಕಿತೋ, ದಾರಿಯಲ್ಲೇ ಏನಾದರೂ ಆಯಿತೋ. ಅವಳ ಮದುವೆಯ ಸುದ್ದಿಯೂ ಬರಲಿಲ್ಲ, ಅಷ್ಟರಮಟ್ಟಿಗೆ ಉಸಿರಾಡಿದೆ. ಕೆಲವು ವರ್ಷಗಳಲ್ಲಿ ನನ್ನ ಮದುವೆಯಾಯಿತು, ಕೂಡ್ಲಿಗಿಗೆ ಬಂದೆ. ಅಲ್ಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಕೆಲಸ ಸಿಕ್ಕಿತು. ಮೊದಲ ದಿನವೇ, ಪಾಸ್‌ವರ್ಡಿಗೆ ದೇವರನ್ನು ಕರೆಯಬೇಡಿ, ಅವನಿಗೆ ಬೇರೆ ಕೆಲಸವಿದೆ ಎಂದು ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಎದ್ದು ಹೋಗುವ ಮುನ್ನ ಮೇಲ್ ಮುಚ್ಚಿದೆಯೋ ಎಂದು ನಾನೇ ಒಂದೊಂದು ಕಂಪ್ಯೂಟರಿನ ಹತ್ತಿರ ಹೋಗಿ ನೋಡುತ್ತಿದ್ದೆ. ಅತಿ ಮಾಡುತ್ತೀರಿ ಎಂದು ಉಳಿದ ಶಿಕ್ಷಕರು ಅನ್ನುತ್ತಿದ್ದರು.

ಆ ಶಾಲೆಯಲ್ಲೇ ಒಂದು ಮಧ್ಯಾಹ್ನ, ಮಕ್ಕಳು ಊಟಕ್ಕೆ ಹೋಗಿದ್ದಾಗ, ನನ್ನ ಮೇಲ್ ತೆಗೆದರೆ ಅವಳ ಹೆಸರು ದಪ್ಪ ಅಕ್ಷರದಲ್ಲಿ ಇತ್ತು. ಅದೇ ಹಳೆಯ ವಿಳಾಸ. ಹೇಗಿದ್ದೀ, ನಾನು ಆರಾಮಾಗಿದ್ದೇನೆ, ನೌಕರಿ ಸಿಕ್ಕಿದೆ, ನಿನ್ನ ಫೋನ್ ನಂಬರ್ ಕಳಿಸು, ಮಾತಾಡಬೇಕು. ಅಷ್ಟೇ.

ಅಳು ಬಂತು. ಬೆರಳು ನಂಬರಿನ ಮೊದಲ ಅಂಕಿಗಳನ್ನು ಒತ್ತಿಯೂ ಬಿಟ್ಟಿತು. ಆಮೇಲೆ ಅವನ ಇಸ್ತ್ರಿ ಅಂಗಿ ಕಣ್ಣ ಮುಂದೆ ಬಂತು. ಒತ್ತಿದ್ದನ್ನು ಅಳಿಸಿದೆ. ಅವಳೇ ಎಂದು ತಿಳಿಯುವುದು ಹೇಗೆ? ಹಾಸ್ಟೆಲಿನ ಯಾವ ಗುಟ್ಟು ಕೇಳಿದರೂ ಅದೆಲ್ಲ ಅವನು ಓದಿದ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಗೆ ಬೀಳದೆ ಉಳಿದದ್ದು ನಾವಿಬ್ಬರೂ ಜೊತೆಗಿದ್ದ ಆ ಕೊನೆಯ ದಿನ ಒಂದೇ. ಯೋಚಿಸಿ ಯೋಚಿಸಿ ಒಂದೇ ಸಾಲು ಬರೆದೆ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೊನೆಯ ಸಲ ನಾವು ಏನು ತಿಂದೆವು, ಹೇಳು. ನಮ್ಮ ಹಾಸ್ಟೆಲ್ ಕತೆಗಳನ್ನು ಓದಿದ ಬೇರೆ ಯಾರೇ ಆದರೂ ಮಂಡಕ್ಕಿ ಮಿರ್ಚಿ ಅನ್ನುತ್ತಾರೆ. ಏನೂ ತಿನ್ನಲಿಲ್ಲ ಎಂದು ಹೇಳಬಲ್ಲವಳು ಅವಳೊಬ್ಬಳೇ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಕಳಿಸಿದೆ.

ಉತ್ತರ ಬರಲಿಲ್ಲ. ಆ ವಾರ ಬರಲಿಲ್ಲ, ಆ ವರ್ಷ ಬರಲಿಲ್ಲ.

ಅವನಾಗಿದ್ದ, ಸಿಕ್ಕಿಬೀಳುವ ಭಯಕ್ಕೆ ಸುಮ್ಮನಾದ ಎಂದು ಮೊದಮೊದಲು ನೆಮ್ಮದಿಪಟ್ಟೆ. ಎಷ್ಟೋ ದಿನಗಳ ಮೇಲೆ, ಪಾಠ ಮಾಡುತ್ತಿದ್ದಾಗಲೇ ಇನ್ನೊಂದು ಯೋಚನೆ ಬಂದು ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು. ಅವಳಿಗೆ ನನ್ನ ಹೆಸರಿನಲ್ಲಿ ಹಿಂದೆ ಒಮ್ಮೆ ಪ್ರಶ್ನೆ ಹೋಗಿತ್ತು. ಯಾವ ಬಸ್ಸು, ಯಾರ ಮನೆ ಎಂದು. ಅದನ್ನು ಕೇಳಿದ್ದು ನಾನಾಗಿರಲಿಲ್ಲ. ಈಗ ಇಷ್ಟು ವರ್ಷಗಳ ಮೇಲೆ ಅವಳು ಧೈರ್ಯ ಮಾಡಿ ಬರೆದರೆ, ಹೇಗಿದ್ದೀ ಎಂಬ ಒಂದು ಮಾತೂ ಇಲ್ಲದೆ, ಅದೇ ಹೆಸರಿನಿಂದ ಮತ್ತೆ ಒಂದು ಪ್ರಶ್ನೆ. ಬರೆದವಳು ಅವಳೇ ಆಗಿದ್ದರೆ, ನನ್ನ ಆ ಒಂದು ಸಾಲು ಓದಿ ಅವನೆಂದುಕೊಂಡೇ ಓಡಿಹೋಗಿರುತ್ತಾಳೆ.